ಬೇಕಾದ ಪುಸ್ತಕ ಹುಡುಕುವುದು ಹೇಗೆ?



ಮೊದಲು ಒಂದು ಲೆಕ್ಕ ಮಾಡೋಣ. ಒಂದು ಬೀರುವಿನಲ್ಲಿ 500 ಪುಸ್ತಕ ಇವೆ ಅಂತ ಇಟ್ಟುಕೊಳ್ಳಿ. ನಮಗೆ ಬೇಕಾದ್ದು ಅದರಲ್ಲಿ ಒಂದೇ ಒಂದು. ಪುಸ್ತಕದ ಬೆನ್ನು ನೋಡಿ ಹೆಸರು ಓದೋದಕ್ಕೆ ಒಂದಕ್ಕೆ 5 ಸೆಕೆಂಡು ಬೇಕು. ನಮಗೆ ಬೇಕಾದ ಪುಸ್ತಕ ಕಟ್ಟಕಡೆಯಲ್ಲಿದ್ದರೆ? 500 ಸಲ 5, ಅಂದರೆ 2500 ಸೆಕೆಂಡು. ಅದನ್ನು ನಿಮಿಷ ಮಾಡಿದರೆ 41 ನಿಮಿಷ 40 ಸೆಕೆಂಡು. ಒಂದು ಪೀರಿಯಡ್ ಇರೋದೇ 40 ನಿಮಿಷ! ಪುಸ್ತಕ ಕೈಗೆ ಬರೋ ಮೊದಲೇ ಗಂಟೆ ಹೊಡೆದುಬಿಡುತ್ತೆ.

ಅದಕ್ಕೇ ನಮ್ಮಲ್ಲಿ ಬಹಳ ಜನ ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದನ್ನು ತಗೊಂಡು ಹೋಗುತ್ತಾರೆ. ಮುಂದಿನ ಸಾಲಿನಲ್ಲಿರೋ ಹತ್ತು ಪುಸ್ತಕ ಎಲ್ಲರೂ ಓದಿ ಓದಿ ಹರಿದುಹೋಗಿವೆ. ಹಿಂದಿನ ಸಾಲಿನವು ಹೊಸದಾಗಿಯೇ ಇವೆ, ಗೆದ್ದಲಿಗೆ ಕಾಯುತ್ತಾ. ಪುಸ್ತಕ ಇದ್ದೂ ಸಿಗದಿದ್ದರೆ ಅದು ಇಲ್ಲದ ಹಾಗೆಯೇ.

ಈ ತೊಂದರೆಗೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಹಿಡಿದಿದ್ದಾರೆ. ಅದರ ಹೆಸರು ಗ್ರಂಥಸೂಚಿ. ಇಂಗ್ಲಿಷಿನಲ್ಲಿ ಕ್ಯಾಟಲಾಗ್ ಅನ್ನುತ್ತಾರೆ. ಅದನ್ನು ಬಳಸೋದು ಹೇಗೆ ಅಂತ ಈ ಸಂಚಿಕೆಯಲ್ಲಿ ಕಲಿಯೋಣ.

1. ಗ್ರಂಥಸೂಚಿ ಎಂದರೇನು?

"ಸ್ಟಾಕ್ ರಿಜಿಸ್ಟರ್ ಇದೆಯಲ್ಲ, ಅದೇ ಸಾಕಲ್ವಾ?" ಅಂತ ಕೆಲವರು ಕೇಳಬಹುದು. ಸಾಲದು. ಸ್ಟಾಕ್ ರಿಜಿಸ್ಟರಿನಲ್ಲಿ ಪುಸ್ತಕ ಬಂದ ದಿನದ ಕ್ರಮದಲ್ಲಿ ಬರೆದಿರುತ್ತಾರೆ. 1ನೇ ನಂಬರು ರಾಮಾಯಣದ ಕಥೆ, 2ನೇ ನಂಬರು ಲೆಕ್ಕದ ಪುಸ್ತಕ, 3ನೇ ನಂಬರು ನಾಟಕ, ಹೀಗೆ. ಪುಸ್ತಕ ಕಳೆದಿದೆಯೋ ಇದೆಯೋ ಅಂತ ಲೆಕ್ಕ ಇಡೋದಕ್ಕೆ ಅದು ಬೇಕು. ಆದರೆ "ಜೇನುಹುಳುವಿನ ಬಗ್ಗೆ ಏನಾದರೂ ಇದೆಯಾ?" ಅಂತ ಕೇಳಿದರೆ ರಿಜಿಸ್ಟರ್ ಉತ್ತರ ಕೊಡೋಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾಗುತ್ತೆ.

ಗ್ರಂಥಸೂಚಿ ಹಾಗಲ್ಲ. ಅದು ಓದುವವರ ಪ್ರಶ್ನೆಗೆ ಉತ್ತರ ಕೊಡೋದಕ್ಕೇ ಮಾಡಿದ್ದು. ಹೊಲದ ಪಹಣಿ ನೋಡಿದ್ದೀರಲ್ಲ? ಅದರಲ್ಲಿ ಸರ್ವೆ ನಂಬರ್ ಇರುತ್ತೆ. ಆ ನಂಬರ್ ಹಿಡಿದು ನಕ್ಷೆ ನೋಡಿದರೆ ಯಾವ ಹೊಲ ಎಲ್ಲಿದೆ ಅಂತ ಊರಿಗೆ ಹೊಸಬರಾದವರೂ ಕಂಡುಹಿಡಿಯಬಹುದು. ಗ್ರಂಥಸೂಚಿಯೂ ಹಾಗೆಯೇ. ಪುಸ್ತಕದ ಹೆಸರು, ಬರೆದವರು, ವಿಷಯ, ಮತ್ತು ಅದು ಇರೋ ಜಾಗದ ನಂಬರ್ ಅದರಲ್ಲಿ ಇರುತ್ತೆ.

ಹಳೆಯ ಪದ್ಧತಿಯಲ್ಲಿ ಇದನ್ನು ಗಟ್ಟಿ ಕಾಗದದ ಕಾರ್ಡುಗಳಲ್ಲಿ ಬರೆಯುತ್ತಿದ್ದರು. ಕಾರ್ಡಿನ ಅಳತೆ 12.5 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲ. ಕಾರ್ಡಿನ ಕೆಳಗೆ ಒಂದು ತೂತು. ಎಲ್ಲ ಕಾರ್ಡುಗಳನ್ನೂ ಚಿಕ್ಕ ಡ್ರಾಯರಿನಲ್ಲಿ ನಿಲ್ಲಿಸಿ ತೂತಿನೊಳಗೆ ಒಂದು ಸರಳು ತೂರಿಸಿಡುತ್ತಿದ್ದರು. ಯಾರೂ ಕಾರ್ಡು ಕಿತ್ತುಕೊಂಡು ಹೋಗಬಾರದು, ಕ್ರಮ ತಪ್ಪಬಾರದು ಅಂತ. ಈಗ ದೊಡ್ಡ ಗ್ರಂಥಾಲಯಗಳಲ್ಲಿ ಕಾರ್ಡಿನ ಬದಲು ಕಂಪ್ಯೂಟರ್ ಬಂದಿದೆ. ಆದರೆ ಹುಡುಕೋ ದಾರಿ ಅದೇ. ಕಾರ್ಡಿನಲ್ಲಿ ಕಲಿತವರಿಗೆ ಕಂಪ್ಯೂಟರಿನಲ್ಲಿ ಕಷ್ಟ ಆಗೋಲ್ಲ.

2. ಮೂರು ದಾರಿಗಳು

ಒಂದು ಪುಸ್ತಕಕ್ಕೆ ಸಾಮಾನ್ಯವಾಗಿ ಮೂರು ಕಾರ್ಡು ಬರೆಯುತ್ತಾರೆ. ಯಾಕೆಂದರೆ ಹುಡುಕುವವರು ಮೂರು ರೀತಿ ಬರುತ್ತಾರೆ.

(ಅ) ಬರೆದವರ ಹೆಸರು ಗೊತ್ತಿರುವವರು. ಇವರಿಗೆ ಲೇಖಕರ ಕಾರ್ಡು.
(ಆ) ಪುಸ್ತಕದ ಹೆಸರು ಗೊತ್ತಿರುವವರು. ಇವರಿಗೆ ಶೀರ್ಷಿಕೆ ಕಾರ್ಡು.
(ಇ) ಎರಡೂ ಗೊತ್ತಿಲ್ಲ, ಯಾವುದರ ಬಗ್ಗೆ ಬೇಕು ಅಂತ ಮಾತ್ರ ಗೊತ್ತು. ಇವರಿಗೆ ವಿಷಯದ ಕಾರ್ಡು.

ಲೇಖಕರ ಕಾರ್ಡು ಹೀಗಿರುತ್ತದೆ:

894.8143
ಕಾರ
ಕಾರಂತ, ಶಿವರಾಮ
ಚೋಮನ ದುಡಿ
(ಪ್ರಕಾಶಕರ ಹೆಸರು, ಊರು, ಅಚ್ಚಾದ ಇಸವಿ, ಪುಟಗಳು)
ವಿಷಯ: ಕನ್ನಡ ಕಾದಂಬರಿ

ಶೀರ್ಷಿಕೆ ಕಾರ್ಡಿನಲ್ಲಿ 'ಚೋಮನ ದುಡಿ' ಅನ್ನೋದು ಮೇಲಿನ ಸಾಲಿಗೆ ಬರುತ್ತೆ. ವಿಷಯದ ಕಾರ್ಡಿನಲ್ಲಿ 'ಕನ್ನಡ ಕಾದಂಬರಿ' ಮೇಲಕ್ಕೆ ಬರುತ್ತೆ. ಮೂಲೆಯ ನಂಬರ್ ಮಾತ್ರ ಮೂರರಲ್ಲೂ ಒಂದೇ. ಅದೇ ಪುಸ್ತಕದ ವಿಳಾಸ. ಪುಸ್ತಕದ ಬೆನ್ನಿನ ಮೇಲೂ ಅದೇ ನಂಬರಿನ ಚೀಟಿ ಅಂಟಿಸಿರುತ್ತಾರೆ.

"ಮೂರು ಕಾರ್ಡು ಯಾಕೆ ಬೇಕು, ಬೀರುವಿನಲ್ಲೇ ಸರಿಯಾಗಿ ಜೋಡಿಸಿದರೆ ಸಾಲದಾ?" ಅನ್ನೋ ಪ್ರಶ್ನೆಯೂ ಇದೆ. ಇದಕ್ಕೆ ಶಿವರಾಮ ಕಾರಂತರೇ ಒಳ್ಳೆಯ ಉದಾಹರಣೆ. ಕಾರಂತರು (1902–1997) 'ಚೋಮನ ದುಡಿ' ಬರೆದರು, ಅದು ಕಾದಂಬರಿ. 'ಯಕ್ಷಗಾನ ಬಯಲಾಟ' ಬರೆದರು, ಅದು ಕಲೆಯ ವಿಷಯ. ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು, ಅದು ವಿಶ್ವಕೋಶ. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅವರ ಆತ್ಮಕಥೆ. ವಿಷಯದ ಪ್ರಕಾರ ಜೋಡಿಸಿದರೆ ಈ ನಾಲ್ಕು ಪುಸ್ತಕ ನಾಲ್ಕು ಕಡೆ ಕೂರುತ್ತವೆ. ಲೇಖಕರ ಪ್ರಕಾರ ಜೋಡಿಸಿದರೆ ನಾಲ್ಕೂ ಒಂದೇ ಕಡೆ ಬರುತ್ತವೆ ನಿಜ, ಆದರೆ ಯಕ್ಷಗಾನದ ಬಗ್ಗೆ ಬೇರೆಯವರು ಬರೆದ ಪುಸ್ತಕಗಳು ಎಲ್ಲೆಲ್ಲೋ ಹೋಗುತ್ತವೆ. ಒಂದು ಪುಸ್ತಕವನ್ನು ಎರಡು ಜಾಗದಲ್ಲಿ ಇಡೋಕೆ ಆಗೋಲ್ಲ. ಆದರೆ ಒಂದು ಪುಸ್ತಕಕ್ಕೆ ಮೂರು ಕಾರ್ಡು ಬರೆಯೋಕೆ ಆಗುತ್ತೆ! ಪುಸ್ತಕಗಳು ಬೀರುವಿನಲ್ಲಿ ಬೇರೆ ಬೇರೆಯಾದರೂ ಕಾರ್ಡುಗಳು ಅವನ್ನು ಒಟ್ಟಿಗೆ ಸೇರಿಸುತ್ತವೆ.

3. ಅಕ್ಷರದ ಕ್ರಮ ಗೊತ್ತಿರಬೇಕು

ಕಾರ್ಡುಗಳನ್ನು ಅಕಾರಾದಿಯಾಗಿ ಇಟ್ಟಿರುತ್ತಾರೆ. ಮೊದಲು ಅ ಆ ಇ ಈ, ಆಮೇಲೆ ಕ ಖ ಗ ಘ, ಕೊನೆಗೆ ಯ ರ ಲ ವ ಶ ಷ ಸ ಹ ಳ. ಮೊದಲ ಅಕ್ಷರ ಒಂದೇ ಆಗಿದ್ದರೆ ಕಾಗುಣಿತದ ಕ್ರಮ ನೋಡಬೇಕು. ಈ ಹೆಸರುಗಳನ್ನು ನೋಡಿ:

ಕನ್ನಡಿ, ಕಾಡು, ಕಿವಿ, ಕುದುರೆ, ಕೆರೆ, ಕೈ, ಕೋಳಿ, ಕೌದಿ, ಕ್ರಿಕೆಟ್.

ಕ, ಕಾ, ಕಿ, ಕು, ಕೆ, ಕೈ, ಕೋ, ಕೌ ಹೀಗೆ ಬಂದು ಒತ್ತಕ್ಷರದ 'ಕ್ರಿಕೆಟ್' ಎಲ್ಲಕ್ಕಿಂತ ಕೊನೆಗೆ ಬಂತು. 'ಕ್ರಿ'ಯನ್ನು 'ಕಿ' ಪಕ್ಕದಲ್ಲಿ ಹುಡುಕಬೇಡಿ. ಸೊನ್ನೆ ಇರೋ ಅಕ್ಷರ, ಅಂದರೆ 'ಕಂಬಳ', 'ಅಂಚೆ' ಥರದವು, ಕೆಲವು ಕಡೆ ಮೊದಲಿಗೆ ಬರುತ್ತವೆ, ಕೆಲವು ಕಡೆ 'ಕೌ', 'ಔ' ಆದಮೇಲೆ ಬರುತ್ತವೆ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡಿ, ಅಷ್ಟೆ.

ಹುಡುಕೋದಕ್ಕೆ ಒಂದು ಸುಲಭ ಉಪಾಯ ಇದೆ. 500 ಕಾರ್ಡು ಇದ್ದರೆ ಮೊದಲಿನಿಂದ ಶುರು ಮಾಡಬೇಡಿ. ನಡುವೆ ತೆಗೆಯಿರಿ. ನಿಮ್ಮ ಅಕ್ಷರ ಅದಕ್ಕಿಂತ ಮುಂಚೆಯೋ ಆಮೇಲೋ ನೋಡಿ. ಅರ್ಧ ಕಾರ್ಡುಗಳು ಲೆಕ್ಕಕ್ಕೇ ಇಲ್ಲ ಅಂತಾಯ್ತು. ಉಳಿದ 250ರ ನಡುವೆ ತೆಗೆಯಿರಿ, 125 ಉಳಿಯುತ್ತೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 500 ಕಾರ್ಡಿನಲ್ಲಿ ಒಂದನ್ನು ಹುಡುಕೋಕೆ ಸುಮಾರು 9 ಸಲ ನೋಡಿದರೆ ಸಾಕು. ಒಂದು ಸಲಕ್ಕೆ 5 ಸೆಕೆಂಡಾದರೆ 45 ಸೆಕೆಂಡು. ಎಲ್ಲಿ 41 ನಿಮಿಷ, ಎಲ್ಲಿ 45 ಸೆಕೆಂಡು! ನಿಘಂಟಿನಲ್ಲಿ ಪದ ಹುಡುಕೋದಕ್ಕೂ ಇದೇ ಉಪಾಯ.

4. ಹೆಸರಿನ ತೊಡಕು

ನಮ್ಮ ಕಡೆ ಒಬ್ಬರಿಗೇ ಊರ ಹೆಸರು, ಅಪ್ಪನ ಹೆಸರು, ಸ್ವಂತ ಹೆಸರು ಎಲ್ಲ ಸೇರಿರುತ್ತೆ. ಕಾರ್ಡಿನಲ್ಲಿ ಯಾವುದನ್ನು ಮೊದಲು ನೋಡಬೇಕು?

ಮೊದಲನೆಯ ಮಾತು: ಇನಿಷಿಯಲ್ಲಿನಲ್ಲಿ ಹುಡುಕಬೇಡಿ. ಅದನ್ನು ಹಿಂದಕ್ಕೆ ಹಾಕಿರುತ್ತಾರೆ. 'ಶ್ರೀ', 'ಡಾ.' ಇವನ್ನೂ ಲೆಕ್ಕಕ್ಕೆ ಹಿಡಿಯೋಲ್ಲ. ಎರಡನೆಯದು: ಕೆಲವು ಗ್ರಂಥಾಲಯದಲ್ಲಿ 'ಕಾರಂತ, ಶಿವರಾಮ' ಅಂತ ಬರೆದರೆ ಕೆಲವು ಕಡೆ 'ಶಿವರಾಮ ಕಾರಂತ, ಕೆ.' ಅಂತ ಬರೆಯುತ್ತಾರೆ. 'ಕಾ'ದಲ್ಲಿ ಇಲ್ಲ ಅಂದರೆ 'ಶಿ'ಯಲ್ಲಿ ನೋಡಿ. ಒಂದು ಕಡೆ ಕಾಣದ ಮಾತ್ರಕ್ಕೆ ಪುಸ್ತಕವೇ ಇಲ್ಲ ಅಂತ ವಾಪಸ್ ಬರಬೇಡಿ.

ಮೂರನೆಯದು ಕಾವ್ಯನಾಮ. ಕೆ.ವಿ. ಪುಟ್ಟಪ್ಪನವರು 'ಕುವೆಂಪು' ಎಂಬ ಹೆಸರಿನಲ್ಲಿ ಬರೆದರು. ದ.ರಾ. ಬೇಂದ್ರೆಯವರು 'ಅಂಬಿಕಾತನಯದತ್ತ'. ಮಾಸ್ತಿ ವೆಂಕಟೇಶ ಅಯ್ಯಂಗಾರರು 'ಶ್ರೀನಿವಾಸ'. ಅನಸೂಯಾ ಶಂಕರ್ ಅವರು 'ತ್ರಿವೇಣಿ'. ಇಂಥ ಕಡೆ ಒಳ್ಳೆಯ ಗ್ರಂಥಸೂಚಿಯಲ್ಲಿ ಒಂದು ಚಿಕ್ಕ ಕಾರ್ಡು ಇರುತ್ತೆ:

ಪುಟ್ಟಪ್ಪ, ಕೆ.ವಿ.
ನೋಡಿ: ಕುವೆಂಪು

ಇದನ್ನು 'ನೋಡಿ' ಕಾರ್ಡು ಅನ್ನುತ್ತಾರೆ. "ಇಲ್ಲಿಲ್ಲಪ್ಪ, ಆ ಮನೆಗೆ ಹೋಗು" ಅಂತ ಪಕ್ಕದ ಮನೆಯವರು ದಾರಿ ತೋರಿಸಿದ ಹಾಗೆ.

5. ನಂಬರ್ ಎಂದರೆ ವಿಳಾಸ

894.8143 ಅನ್ನೋ ನಂಬರ್ ಎಲ್ಲಿಂದ ಬಂತು? ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬ ಗ್ರಂಥಪಾಲಕರು 1876ರಲ್ಲಿ ಒಂದು ಪದ್ಧತಿಯನ್ನು ಅಚ್ಚು ಹಾಕಿಸಿದರು. ಮನುಷ್ಯನಿಗೆ ಗೊತ್ತಿರೋ ಎಲ್ಲ ವಿಷಯವನ್ನೂ ಹತ್ತು ಭಾಗ ಮಾಡಿದರು. ಒಂದೊಂದು ಭಾಗವನ್ನು ಮತ್ತೆ ಹತ್ತು, ಅದನ್ನು ಮತ್ತೆ ಹತ್ತು. ಇದಕ್ಕೆ ದಶಮಾಂಶ ವರ್ಗೀಕರಣ ಅಂತ ಹೆಸರು. ನಮ್ಮ ದೇಶದಲ್ಲೂ ಬಹಳ ಗ್ರಂಥಾಲಯಗಳಲ್ಲಿ ಇದೇ ಇದೆ. ಹತ್ತು ಭಾಗಗಳು ಇವು:

000 – ಸಾಮಾನ್ಯ ಜ್ಞಾನ, ವಿಶ್ವಕೋಶ
100 – ತತ್ವಶಾಸ್ತ್ರ, ಮನಃಶಾಸ್ತ್ರ
200 – ಧರ್ಮ
300 – ಸಮಾಜ (ಕಾನೂನು, ಶಿಕ್ಷಣ, ಹಬ್ಬ, ಜನಪದ ಕಥೆ)
400 – ಭಾಷೆ, ವ್ಯಾಕರಣ, ನಿಘಂಟು
500 – ವಿಜ್ಞಾನ, ಗಣಿತ
600 – ವೈದ್ಯ, ಬೇಸಾಯ, ಯಂತ್ರ, ಅಡುಗೆ
700 – ಕಲೆ, ಸಂಗೀತ, ಆಟ
800 – ಸಾಹಿತ್ಯ
900 – ಚರಿತ್ರೆ, ಭೂಗೋಳ, ಜೀವನ ಚರಿತ್ರೆ

ಇದನ್ನು ಪೂರಾ ಬಾಯಿಪಾಠ ಮಾಡಬೇಕಾಗಿಲ್ಲ. ಬಿಡಿಸಿ ನೋಡೋದು ಗೊತ್ತಿದ್ದರೆ ಸಾಕು. 894.8143ರಲ್ಲಿ 800 ಅಂದರೆ ಸಾಹಿತ್ಯ. 894.814 ಅಂದರೆ ಕನ್ನಡ ಸಾಹಿತ್ಯ. ಕೊನೆಯ 3 ಅಂದರೆ ಕಾದಂಬರಿ, ಕಥೆ. ಅಲ್ಲಿ 1 ಇದ್ದರೆ ಕವನ, 2 ಇದ್ದರೆ ನಾಟಕ. ಹಾಗೆಯೇ 494.814 ಅಂದರೆ ಕನ್ನಡ ಭಾಷೆ. ಎರಡರಲ್ಲೂ ಮೊದಲ ಅಂಕಿ ಮಾತ್ರ ಬೇರೆ, ಗಮನಿಸಿದಿರಾ? 954 ಭಾರತದ ಚರಿತ್ರೆ, 954.87 ನಮ್ಮ ಕರ್ನಾಟಕದ್ದು.

ನಂಬರಿನ ಕೆಳಗೆ 'ಕಾರ' ಅಂತ ಇದೆಯಲ್ಲ, ಅದು ಲೇಖಕರ ಹೆಸರಿನ ಮೊದಲ ಅಕ್ಷರಗಳು. ಕಾದಂಬರಿಗಳೆಲ್ಲ ಒಂದೇ ನಂಬರಿನಲ್ಲಿ ಇರೋದರಿಂದ ಅವುಗಳೊಳಗೆ ಯಾರದ್ದು ಅಂತ ಅದರಿಂದ ತಿಳಿಯುತ್ತೆ.

ಇಲ್ಲಿ ಗಣಿತದ ಪಾಠ ಉಪಯೋಗಕ್ಕೆ ಬರುತ್ತೆ. ಬೀರುವಿನಲ್ಲಿ 954.87 ಮೊದಲೋ 954.9 ಮೊದಲೋ? "87 ದೊಡ್ಡದು, 9 ಚಿಕ್ಕದು, ಆದ್ದರಿಂದ 954.9 ಮೊದಲು" ಅನ್ನೋದು ತಪ್ಪು. ಬಿಂದು ಆದಮೇಲೆ ಒಂದೊಂದೇ ಅಂಕಿ ಹೋಲಿಸಬೇಕು. 8 ಚಿಕ್ಕದು, 9 ದೊಡ್ಡದು. ಆದ್ದರಿಂದ 954.87 ಮೊದಲು, 954.9 ಆಮೇಲೆ. ಬೀರುವಿನಲ್ಲಿ ಎಡದಿಂದ ಬಲಕ್ಕೆ, ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ನೋಡುತ್ತಾ ಬರಬೇಕು.

ಹೆಸರು ನೋಡಿ ಮೋಸ ಹೋಗಬೇಡಿ. 'ಮರಳಿ ಮಣ್ಣಿಗೆ' ಅಂತ ಇದೆ ಅಂದ ಮಾತ್ರಕ್ಕೆ ಅದು ಬೇಸಾಯದ ಪುಸ್ತಕ ಅಲ್ಲ, ಕಾರಂತರ ಕಾದಂಬರಿ. ನಂಬರ್ ನೋಡಿದರೆ ಗೊತ್ತಾಗುತ್ತೆ, 600ರಲ್ಲಿ ಇರೋಲ್ಲ, 800ರಲ್ಲಿ ಇರುತ್ತೆ.

6. ಒಂದೇ ಹಾವು, ನಾಲ್ಕು ಜಾಗ

ಮೂರು ದಾರಿಗಳಲ್ಲಿ ಕಷ್ಟವಾದದ್ದೂ ಹೆಚ್ಚು ಉಪಯೋಗವಾದದ್ದೂ ವಿಷಯದ ದಾರಿ. ಒಂದು ಉದಾಹರಣೆ ತಗೊಳ್ಳೋಣ. ನಿಮಗೆ ಹಾವಿನ ಬಗ್ಗೆ ಪುಸ್ತಕ ಬೇಕು. ಎಲ್ಲಿ ನೋಡುತ್ತೀರಿ?

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಹಾವಿನ ಬಗ್ಗೆ ಏನು ಬೇಕು?

ಹಾವು ಏನು ತಿನ್ನುತ್ತೆ, ಹೇಗೆ ಪೊರೆ ಬಿಡುತ್ತೆ, ಯಾವುದಕ್ಕೆ ವಿಷ ಇದೆ ಅಂತ ಬೇಕಾದರೆ ಅದು ಪ್ರಾಣಿ ವಿಜ್ಞಾನ. 597.96.

ಹಾವು ಕಚ್ಚಿದರೆ ಏನು ಮಾಡಬೇಕು ಅಂತ ಬೇಕಾದರೆ ಅದು ವೈದ್ಯ. 610ರ ಸಾಲು.

ನಾಗರಪಂಚಮಿ ಹಬ್ಬದ ಬಗ್ಗೆ ಬೇಕಾದರೆ ಅದು ಆಚಾರ, ಹಬ್ಬ. 394.

ನಾಗಕನ್ಯೆಯ ಕಥೆ, ಅಜ್ಜಿ ಹೇಳೋ ಥರದ ಹಾವಿನ ಕಥೆ ಬೇಕಾದರೆ ಅದು ಜನಪದ ಕಥೆ. 398.2.

ಹಾವು ಒಂದೇ, ಪ್ರಶ್ನೆ ನಾಲ್ಕು, ಜಾಗ ನಾಲ್ಕು. ಬೀರುವಿನ ಮುಂದೆ ನಿಂತು "ಹಾವಿನ ಪುಸ್ತಕ ಎಲ್ಲಿದೆ?" ಅಂದರೆ ಸಿಗೋದು ಕಷ್ಟ. ಏನು ತಿಳಿಯಬೇಕು ಅಂತ ನಮಗೆ ಸ್ಪಷ್ಟವಾದರೆ ಅರ್ಧ ಹುಡುಕಿದ ಹಾಗೆಯೇ. ಗ್ರಂಥಸೂಚಿ ನಮಗೆ ಕಲಿಸೋದು ಸರಿಯಾಗಿ ಪ್ರಶ್ನೆ ಕೇಳೋದನ್ನು.

ಪದ ಸಿಗದಿದ್ದರೆ ಬೇರೆ ಪದ ನೋಡಿ. ಹಾವು ಇಲ್ಲದಿದ್ದರೆ 'ಸರ್ಪ', 'ಉರಗ'. ಅದೂ ಇಲ್ಲದಿದ್ದರೆ ಅದಕ್ಕಿಂತ ದೊಡ್ಡ ಪದ, 'ಸರೀಸೃಪ'. ಅದೂ ಇಲ್ಲದಿದ್ದರೆ 'ಪ್ರಾಣಿಗಳು'. ಆ ದೊಡ್ಡ ಪುಸ್ತಕದ ಒಳಗೆ ಹಾವಿನ ಅಧ್ಯಾಯ ಇರುತ್ತೆ. ಪರಿವಿಡಿ ನೋಡಿ. ಕೊನೆಯ ಪುಟಗಳಲ್ಲಿ ಪದಸೂಚಿ ಇದ್ದರೆ ಅದನ್ನೂ ನೋಡಿ. ಕಂಪ್ಯೂಟರಿನಲ್ಲಿ ಹುಡುಕುವಾಗ ಚಿಕ್ಕ ಪದ ಹಾಕಿ. 'ಜೇನು ಸಾಕಣೆ' ಅಂತ ಒಬ್ಬರು ಬರೆದರೆ 'ಜೇನು ಸಾಕಾಣಿಕೆ' ಅಂತ ಇನ್ನೊಬ್ಬರು ಬರೆಯುತ್ತಾರೆ. 'ಜೇನು' ಅಂತಷ್ಟೇ ಹಾಕಿದರೆ ಎರಡೂ ಸಿಗುತ್ತವೆ.

7. ಇಸವಿ ನೋಡೋದು ಮರೆಯಬೇಡಿ

ಕಾರ್ಡಿನಲ್ಲಿ ಅಚ್ಚಾದ ಇಸವಿ ಯಾಕೆ ಬರೆದಿರುತ್ತಾರೆ? ಕಥೆ ಪುಸ್ತಕಕ್ಕೆ ಅದು ಅಷ್ಟು ಮುಖ್ಯ ಅಲ್ಲ. 1933ರ 'ಚೋಮನ ದುಡಿ' ಇವತ್ತಿಗೂ ಓದಬಹುದು. ಆದರೆ ವಿಜ್ಞಾನ, ವೈದ್ಯಕ್ಕೆ ಇಸವಿ ಬಹಳ ಮುಖ್ಯ.

ಹಳೆಯ ಪುಸ್ತಕಗಳಲ್ಲಿ ಒಂಬತ್ತು ಗ್ರಹ ಅಂತ ಇರುತ್ತೆ. 2006ರಲ್ಲಿ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಕುಬ್ಜ ಗ್ರಹ ಅಂತ ಬೇರೆ ಮಾಡಿದರು. ಈಗ ಗ್ರಹಗಳು ಎಂಟು. ಇದು ತಪ್ಪಿದರೆ ಪರೀಕ್ಷೆಯಲ್ಲಿ ಒಂದು ಮಾರ್ಕು ಹೋಗಬಹುದು. ಹಾವಿನ ವಿಷಯದಲ್ಲಿ ಹಾಗಲ್ಲ. ಹಾವು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ, ಬ್ಲೇಡಿನಿಂದ ಕೊಯ್ದು ರಕ್ತ ಹೀರಿ ಉಗುಳಿ ಅಂತ ಹಳೆಯ ಪ್ರಥಮ ಚಿಕಿತ್ಸೆ ಪುಸ್ತಕಗಳಲ್ಲಿ ಇರುತ್ತಿತ್ತು. ಈಗ ವೈದ್ಯರು ಅದನ್ನು ಮಾಡಲೇಬಾರದು ಅನ್ನುತ್ತಾರೆ. ಬಿಗಿಯಾಗಿ ಕಟ್ಟಿದರೆ ಕೈಕಾಲು ಕೆಟ್ಟುಹೋಗಬಹುದು, ಕೊಯ್ದರೆ ರಕ್ತ ಸುರಿದು ಹುಣ್ಣಾಗಬಹುದು. ಕಚ್ಚಿಸಿಕೊಂಡವರನ್ನು ಓಡಾಡಿಸದೆ, ಧೈರ್ಯ ಹೇಳಿ, ಮೂಳೆ ಮುರಿದಾಗ ಮಾಡುವಂತೆ ಆ ಕೈಯನ್ನೋ ಕಾಲನ್ನೋ ಅಲುಗಾಡದ ಹಾಗೆ ಇಟ್ಟು, ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವಿಷಕ್ಕೆ ಔಷಧಿ ಇರೋದು ಅಲ್ಲೇ.

ಎರಡು ಪುಸ್ತಕ ಸಿಕ್ಕರೆ ಹೊಸ ಇಸವಿಯದನ್ನು ತಗೊಳ್ಳಿ. ಕಾರ್ಡಿನ ಒಂದು ಸಾಲು ಒಂದು ಜೀವ ಉಳಿಸಬಹುದು.

8. ಕೇಳಲು ಆಗದ ಪ್ರಶ್ನೆಗಳು

"ಇಷ್ಟೆಲ್ಲ ಯಾಕೆ? ಮೇಷ್ಟ್ರನ್ನು ಕೇಳಿದರೆ ತೆಗೆದುಕೊಡುತ್ತಾರಲ್ಲ" ಅನ್ನಬಹುದು. ಹೌದು, ಕೇಳಬಹುದು, ಕೇಳಬೇಕು ಕೂಡ. ಆದರೆ ಮೇಷ್ಟ್ರು ರಜೆ ಹಾಕಿದ ದಿನ ಏನು ಮಾಡೋದು? ಅವರಿಗೆ ವರ್ಗವಾದರೆ? ಯಾವ ಪುಸ್ತಕ ಎಲ್ಲಿದೆ ಅನ್ನೋದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರ ಜೊತೆಗೇ ಅದೂ ಹೊರಟುಹೋಗುತ್ತೆ. ಸೂಚಿಯಲ್ಲಿ ಬರೆದಿಟ್ಟರೆ ಇಲ್ಲೇ ಉಳಿಯುತ್ತೆ.

ಇನ್ನೊಂದು ಮಾತು. ಕ್ಲಾಸಿನಲ್ಲಿ ಧೈರ್ಯವಾಗಿ ಕೈ ಎತ್ತೋರು ಕೆಲವರು ಮಾತ್ರ. ಉಳಿದವರಿಗೂ ಪ್ರಶ್ನೆ ಇರುತ್ತೆ. ಕೆಲವು ಪ್ರಶ್ನೆಗಳನ್ನಂತೂ ಎಲ್ಲರ ಮುಂದೆ ಕೇಳೋಕೇ ಆಗೋಲ್ಲ. ದೊಡ್ಡವಳಾಗುವಾಗ ಮೈಯಲ್ಲಿ ಆಗೋ ಬದಲಾವಣೆ ಏನು? ಮನೆಯಲ್ಲಿ ಅಮ್ಮನಿಗೆ ಬಂದಿರೋ ಕಾಯಿಲೆ ಎಂಥದ್ದು? ಕುಡಿತ ಬಿಡಿಸೋಕೆ ದಾರಿ ಇದೆಯಾ? ಇಂಥದ್ದನ್ನು ಜೋರಾಗಿ ಕೇಳಿದರೆ ಯಾರಾದರೂ ನಗುತ್ತಾರೇನೋ ಅಂತ ಹೆದರಿಕೆ. ಗ್ರಂಥಸೂಚಿ ನಗೋಲ್ಲ. ಯಾಕೆ ಬೇಕು ಅಂತ ಕೇಳೋಲ್ಲ. 612ರಲ್ಲಿ ದೇಹದ ಬಗ್ಗೆ, 613ರಲ್ಲಿ ಆರೋಗ್ಯದ ಬಗ್ಗೆ, 616ರಲ್ಲಿ ಕಾಯಿಲೆಗಳ ಬಗ್ಗೆ ಅಂತ ತೋರಿಸಿ ಸುಮ್ಮನಿರುತ್ತೆ. ಹುಡುಕೋದು ಬಂದವರಿಗೆ ಯಾರ ಹಂಗೂ ಬೇಡ. ಓದಿದ ಮೇಲೆ ನಂಬಿಕೆಯವರ ಹತ್ತಿರ, ನರ್ಸಮ್ಮನ ಹತ್ತಿರ ಮಾತಾಡೋಕೆ ಧೈರ್ಯವೂ ಬರುತ್ತೆ.

ಈ ವಿಚಾರವನ್ನು ನಮ್ಮ ದೇಶದಲ್ಲಿ ಚೆನ್ನಾಗಿ ತಿಳಿದಿದ್ದವರು ಎಸ್.ಆರ್. ರಂಗನಾಥನ್. 1892ರಲ್ಲಿ ಈಗಿನ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಇವರು ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಬರೆದರು. ಪುಸ್ತಕ ಇರುವುದು ಬೀಗ ಹಾಕಿಡೋದಕ್ಕಲ್ಲ, ಬಳಸೋದಕ್ಕೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಓದುಗನ ಸಮಯ ಉಳಿಯಬೇಕು ಅನ್ನೋದು ಅದರ ಸಾರ. ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೋಗುವ ಏರ್ಪಾಟೂ ಶುರುವಾಯಿತು. 1933ರಲ್ಲಿ ಕೋಲನ್ ವರ್ಗೀಕರಣ ಎಂಬ ತಮ್ಮದೇ ಪದ್ಧತಿಯನ್ನು ಪ್ರಕಟಿಸಿದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಶುರು ಮಾಡಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಪ್ರತಿ ವರ್ಷ ಆಗಸ್ಟ್ 12ರಂದು ಅವರ ನೆನಪಿಗೆ ಗ್ರಂಥಪಾಲಕರ ದಿನ ಆಚರಿಸುತ್ತಾರೆ.

ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ಸೇರಿಸಿ ವಸೂಲು ಮಾಡುತ್ತಾರೆ. ಅಂದರೆ ಪಂಚಾಯಿತಿ ಗ್ರಂಥಾಲಯದ ಪುಸ್ತಕಗಳಲ್ಲಿ ನಮ್ಮ ಮನೆಯ ದುಡ್ಡೂ ಸೇರಿದೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ನಮ್ಮದೇ ಪುಸ್ತಕವನ್ನು ಹುಡುಕೋಕೆ ನಮಗೇ ಬರದಿದ್ದರೆ ಹೇಗೆ?

9. ನಾವೇ ಮಾಡೋಣ

ಸೂಚಿ ಮಾಡೋಕೆ ದುಡ್ಡು ಬೇಕಾಗಿಲ್ಲ. ಹೀಗೆ ಮಾಡಬಹುದು:

(1) ಮನೆಯಲ್ಲಿರೋ ಹಳೆಯ ಲಗ್ನಪತ್ರಿಕೆಗಳನ್ನು ತನ್ನಿ. ಹಿಂದುಗಡೆ ಖಾಲಿ ಇರೋ ಗಟ್ಟಿ ಕಾಗದವನ್ನು 12.5 ಸೆಂ.ಮೀ. × 7.5 ಸೆಂ.ಮೀ. ಅಳತೆಗೆ ಕತ್ತರಿಸಿ. ಕೆಳಗೆ ನಡುವೆ ಒಂದು ತೂತು ಮಾಡಿ.
(2) ಇಬ್ಬಿಬ್ಬರು ಜೊತೆಯಾಗಿ. ಒಬ್ಬರು ಪುಸ್ತಕದ ಒಳಗಿನ ಶೀರ್ಷಿಕೆ ಪುಟ ನೋಡಿ ಓದಬೇಕು, ಇನ್ನೊಬ್ಬರು ಬರೆಯಬೇಕು. ರಟ್ಟಿನ ಮೇಲಿನದನ್ನು ನೋಡಿ ಬರೆಯಬೇಡಿ. ಅಲ್ಲಿ ಪೂರ್ತಿ ಹೆಸರು ಇರದೆ ಇರಬಹುದು.
(3) ನಂಬರಿಗೆ ಸದ್ಯ ಮೇಲಿನ ಹತ್ತು ಭಾಗ ಸಾಕು. ಯಾವ ಭಾಗ ಅಂತ ಗೊತ್ತಾಗದಿದ್ದರೆ ಮುನ್ನುಡಿ, ಪರಿವಿಡಿ ಓದಿ. ಆಗಲೂ ಗೊತ್ತಾಗದಿದ್ದರೆ ಮೇಷ್ಟ್ರನ್ನು ಕೇಳಿ.
(4) ಒಂದು ಪುಸ್ತಕಕ್ಕೆ ಮೂರು ಕಾರ್ಡು. ಚಪ್ಪಲಿ ಅಂಗಡಿಯ ಖಾಲಿ ಡಬ್ಬ ಮೂರು ತನ್ನಿ. ಒಂದೊಂದರ ಮೇಲೆ ಲೇಖಕರು, ಶೀರ್ಷಿಕೆ, ವಿಷಯ ಅಂತ ಬರೆಯಿರಿ. ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸಿ ತೂತಿನಲ್ಲಿ ದಾರ ಪೋಣಿಸಿ.
(5) ಪುಸ್ತಕದ ಬೆನ್ನಿಗೆ ನಂಬರಿನ ಚೀಟಿ ಅಂಟಿಸಿ. ಎಲ್ಲ ಚೀಟಿಯೂ ಕೆಳಗಿನಿಂದ ಒಂದೇ ಎತ್ತರದಲ್ಲಿರಲಿ.

ಹೊಸ ಪುಸ್ತಕ ಬಂದ ದಿನವೇ ಕಾರ್ಡು ಬರೆಯಬೇಕು. ಪುಸ್ತಕ ಹರಿದುಹೋಗಿ ತೆಗೆದುಹಾಕಿದರೆ ಮೂರೂ ಕಾರ್ಡು ತೆಗೆಯಬೇಕು.

ಕೊನೆಯದಾಗಿ ಒಂದು ನಿಯಮ, ಇದು ಎಲ್ಲಕ್ಕಿಂತ ಮುಖ್ಯ: ಓದಿದ ಪುಸ್ತಕವನ್ನು ಅದರ ನಂಬರಿನ ಜಾಗದಲ್ಲೇ ಇಡಿ. ಜಾಗ ಗೊತ್ತಾಗದಿದ್ದರೆ ಮೇಜಿನ ಮೇಲೆ ಬಿಡಿ, ತಪ್ಪು ಜಾಗದಲ್ಲಿ ಮಾತ್ರ ತುರುಕಬೇಡಿ. ಮೇಜಿನ ಮೇಲಿನ ಪುಸ್ತಕ ಕಣ್ಣಿಗೆ ಬೀಳುತ್ತೆ. ತಪ್ಪು ಸಾಲಿಗೆ ಹೋದ ಪುಸ್ತಕ ಬೀರುವಿನ ಒಳಗೇ ಕಳೆದುಹೋಗುತ್ತೆ. ಕಾರ್ಡು ಇದೆ ಅನ್ನುತ್ತೆ, ಜಾಗದಲ್ಲಿ ಇಲ್ಲ. ಆಮೇಲೆ ಬಂದವರು ಕಾರ್ಡನ್ನೇ ನಂಬದ ಹಾಗಾಗುತ್ತೆ.

ಮಾಡಿ ನೋಡಿ

1. ಅಕಾರಾದಿಯಾಗಿ ಬರೆಯಿರಿ: ಮೀನು, ಮಳೆ, ಮೋಡ, ಮಾವು, ಮೈನಾ, ಮುತ್ತು, ಮೃಗ.
2. ಬೀರುವಿನಲ್ಲಿ ಯಾವ ಕ್ರಮದಲ್ಲಿ ಬರುತ್ತವೆ? 595.79, 595.8, 598, 595.7, 894.8143, 398.2.
3. ಈ ಪ್ರಶ್ನೆಗಳಿಗೆ ಯಾವ ಭಾಗದಲ್ಲಿ (000ದಿಂದ 900) ನೋಡುತ್ತೀರಿ? (ಅ) ರಾಗಿಗೆ ಬರೋ ರೋಗ (ಆ) ಕಬಡ್ಡಿಯ ನಿಯಮ (ಇ) ಒಗಟು (ಈ) ಕಿತ್ತೂರು ಚೆನ್ನಮ್ಮನ ಜೀವನ (ಉ) ಮಳೆಬಿಲ್ಲು ಹೇಗೆ ಆಗುತ್ತೆ?
4. 'ಕೆರೆ' ಎಂಬ ಒಂದೇ ಪದಕ್ಕೆ ಎಷ್ಟು ಬೇರೆ ಬೇರೆ ಪ್ರಶ್ನೆ ಮಾಡಬಹುದು? ಪ್ರತಿಯೊಂದಕ್ಕೂ ಭಾಗ ಬರೆಯಿರಿ.

ಉತ್ತರಗಳನ್ನು ಹೆಸರು, ತರಗತಿ ಸಮೇತ ಬರೆದು ಈ ಪತ್ರಿಕೆಯ ಕೆಳಗೆ ಇಟ್ಟಿರೋ ಡಬ್ಬಕ್ಕೆ ಶನಿವಾರದ ಒಳಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ. ಲಗ್ನಪತ್ರಿಕೆಗಳನ್ನೂ ತರೋದು ಮರೆಯಬೇಡಿ!

– ಗ್ರಂಥಾಲಯ ಸಮಿತಿಯ ಪರವಾಗಿ